ಸ್ಪ್ರಿಂಗ್ ಬಲವಾಯಿತು, ಗುರಿ ಯಾಕೆ ಕೆಟ್ಟಿತು?

ಪ್ರಶ್ನೆ: ನಮ್ಮದು ವಿರಾಜಪೇಟೆ ಹತ್ತಿರದ ಊರು. ನನ್ನ ಹತ್ತಿರ .177 ಬೋರಿನ ದೇಶೀ ಸ್ಪ್ರಿಂಗ್ ಏರ್ ರೈಫಲ್ ಇದೆ, ಬ್ಯಾರಲ್ ಮಡಚಿ ಕಾಕ್ ಮಾಡುವ, ಅಂದರೆ ಸ್ಪ್ರಿಂಗ್ ಅದುಮಿ ಸಜ್ಜು ಮಾಡುವ ಬಗೆಯದು. ಮೊದಲು 0.53 ಗ್ರಾಂ ಪೆಲೆಟ್ ಸೆಕೆಂಡಿಗೆ 235 ಮೀಟರ್ ವೇಗದಲ್ಲಿ ಹೋಗುತ್ತಿತ್ತು. 25 ಮೀಟರಿನಲ್ಲಿ ಐದು ಪೆಲೆಟ್ ಒಂದು ಐದು ರೂಪಾಯಿ ನಾಣ್ಯದ ಜಾಗದಲ್ಲಿ ಬೀಳುತ್ತಿದ್ದವು. ಇನ್ನೂ ಬಲ ಬರಲಿ ಅಂತ 3 ಮಿ.ಮೀ. ತಂತಿಯ ಸ್ಪ್ರಿಂಗ್ ತೆಗೆದು 3.2 ಮಿ.ಮೀ. ತಂತಿಯದ್ದು ಹಾಕಿಸಿದೆ. ಉದ್ದ, ಸುತ್ತು ಎಲ್ಲಾ ಅಷ್ಟೇ. ಈಗ ವೇಗ ಬರೀ 242. ಪೆಲೆಟ್‌ಗಳು ಅಂಗೈಯಗಲ ಹರಡುತ್ತಿವೆ. ಕಾಕ್ ಮಾಡಲು ತೋಳು ನೋಯುತ್ತದೆ. ಪಿಸ್ಟನ್ ಒಳಗೆ 60 ಗ್ರಾಂ ತೂಕ ಹಾಕಿದರೆ 280 ಮುಟ್ಟುತ್ತದೆ, ಗುರಿಯೂ ಸರಿಹೋಗುತ್ತದೆ ಅಂತ ಸ್ನೇಹಿತರು ಹೇಳುತ್ತಾರೆ. ಹಾಕಲೇ? ಪಿಸ್ಟನ್ ತೂಕ 240 ಗ್ರಾಂ, ಸ್ಪ್ರಿಂಗ್ 90 ಗ್ರಾಂ, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 80 ಮಿ.ಮೀ., ಪ್ರೀಲೋಡ್ 40 ಮಿ.ಮೀ., ರೈಫಲ್ 3.3 ಕೆ.ಜಿ. ನಮ್ಮ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್‌ಪೋಳ್ದ್ ಹೊತ್ತಿನ ಏರ್‌ಗನ್ ಸ್ಪರ್ಧೆಗೆ ತಯಾರಾಗಬೇಕು.

ಉತ್ತರ: ತೂಕ ಹಾಕಬೇಡಿ. ಮೊದಲು ಆ ಹೊಸ ಸ್ಪ್ರಿಂಗನ್ನು ಹೊರಗೆ ತೆಗೆಯಿರಿ. ಪಿಸ್ಟನ್ ತೂಕದ ಮಾತು ಆಮೇಲೆ, ಅದೂ ಬೇಕಾದರೆ ಮಾತ್ರ. ನೀವು ಅಳತೆಗಳನ್ನೆಲ್ಲ ಕೊಟ್ಟು ಕೇಳಿದ್ದೀರಿ, ಅದು ಬಹಳ ಒಳ್ಳೆಯದಾಯಿತು. ಅಳತೆ ಇದ್ದರೆ ಲೆಕ್ಕ ಹಾಕಬಹುದು. ಇಲ್ಲಿ ಲೆಕ್ಕವೇ ಮುಕ್ಕಾಲು ಉತ್ತರ ಹೇಳಿಬಿಡುತ್ತದೆ.

ಸ್ಪ್ರಿಂಗ್‌ನಿಂದಲೇ ಶುರು ಮಾಡೋಣ. ಸ್ಪ್ರಿಂಗ್ ಎಷ್ಟು ಗಡುಸು ಅನ್ನೋದು ತಂತಿಯ ದಪ್ಪದ ನಾಲ್ಕನೇ ಘಾತದ ಮೇಲೆ ನಿಂತಿದೆ. 3 ಮಿ.ಮೀ. ಇದ್ದದ್ದು 3.2 ಆದರೆ ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ, ಆದರೆ ಗಡಸುತನ ಸುಮಾರು ಶೇ. 29 ಏರುತ್ತದೆ. ನಿಮ್ಮ ಹಳೆಯ ಸ್ಪ್ರಿಂಗ್ ಒಂದು ಮಿ.ಮೀ. ಒತ್ತಲು 6 ನ್ಯೂಟನ್ ಬೇಡುವಂಥದ್ದು ಅಂತ ಇಟ್ಟುಕೊಳ್ಳಿ. ಈ ಗಾತ್ರದ ರೈಫಲ್‌ಗಳಲ್ಲಿ ಅದು ಮಾಮೂಲಿ ಅಂಕಿ. ರೈಫಲ್ ಸುಮ್ನೆ ಗೋಡೆಗೆ ಒರಗಿದ್ದಾಗಲೂ ಸ್ಪ್ರಿಂಗ್ 40 ಮಿ.ಮೀ. ಅದುಮಿಕೊಂಡೇ ಇರುತ್ತದಲ್ಲ, ಆ ಪ್ರೀಲೋಡ್‌ನ ಒತ್ತಡ 240 ನ್ಯೂಟನ್. ಕಾಕ್ ಮಾಡಿದಾಗ ಇನ್ನೂ 80 ಮಿ.ಮೀ. ಅದುಮುತ್ತದೆ, ಒತ್ತಡ 720ಕ್ಕೆ ಏರುತ್ತದೆ. ಇವೆರಡರ ಸರಾಸರಿಯನ್ನು ಸ್ಟ್ರೋಕ್‌ನಿಂದ ಗುಣಿಸಿ. ಸುಮಾರು 38 ಜೂಲ್ ಬರುತ್ತದೆ. ಒಂದು ಸಲ ಕಾಕ್ ಮಾಡಿದರೆ ನಿಮ್ಮ ತೋಳು ಸ್ಪ್ರಿಂಗಿಗೆ ಕೊಡುವ ಶಕ್ತಿ ಅಷ್ಟು. ಹೊಸ ಸ್ಪ್ರಿಂಗಿಗೆ ಅದೇ ಲೆಕ್ಕ ಹಾಕಿದರೆ ಹತ್ತಿರ ಹತ್ತಿರ 50 ಜೂಲ್.

ಈಗ ಬ್ಯಾರಲ್‌ನ ಬಾಯಿಯಿಂದ ಹೊರಬಂದದ್ದೆಷ್ಟು ನೋಡಿ. 0.53 ಗ್ರಾಂ ಪೆಲೆಟ್ 235 ಮೀಟರ್ ವೇಗದಲ್ಲಿ ಹೋದರೆ 14.6 ಜೂಲ್. 242ರಲ್ಲಿ ಹೋದರೆ 15.5 ಜೂಲ್. ಅಂದರೆ ನೀವು 11 ಜೂಲಿಗೂ ಜಾಸ್ತಿ ಹಾಕಿ ಒಂದು ಜೂಲಿಗೂ ಕಡಿಮೆ ವಾಪಸ್ ಪಡೆದಿದ್ದೀರಿ. ಉಳಿದ ಹತ್ತು ಜೂಲ್ ಎಲ್ಲಿಗೆ ಹೋಯಿತು? ಎಲ್ಲೂ ಹೋಗಿಲ್ಲ. ಅದು ನಿಮ್ಮ ರೈಫಲ್ ಒಳಗೇ ಪಿಸ್ಟನ್ನನ್ನು ಕುಣಿಸುತ್ತಿದೆ, ಸ್ಪ್ರಿಂಗನ್ನು ನಡುಗಿಸುತ್ತಿದೆ, ಸ್ಟಾಕಿನ ಸ್ಕ್ರೂಗಳನ್ನು ಸಡಿಲ ಮಾಡುತ್ತಿದೆ, ಗುರಿ ಕೆಡಿಸುತ್ತಿದೆ.

ಪೆಲೆಟ್ಟನ್ನು ತಳ್ಳುವುದು ಸ್ಪ್ರಿಂಗ್ ಅಲ್ಲ ಅನ್ನೋದನ್ನು ಹೆಚ್ಚಿನವರು ಮರೆಯುತ್ತಾರೆ. ತಳ್ಳುವುದು ಗಾಳಿ. ಸ್ಪ್ರಿಂಗ್ ಪಿಸ್ಟನ್ನನ್ನು ಓಡಿಸುತ್ತದೆ. ಪಿಸ್ಟನ್ ಸಿಲಿಂಡರಿನ ಗಾಳಿಯನ್ನು ಒತ್ತುತ್ತದೆ. 25 ಮಿ.ಮೀ. ಒಳ ವ್ಯಾಸ, 80 ಮಿ.ಮೀ. ಸ್ಟ್ರೋಕ್ ಇದ್ದರೆ ಆ ಗಾಳಿ ಬರೀ 39 ಸಿಸಿ. ಸ್ಟ್ರೋಕಿನ ಬಹುಪಾಲು ದೂರ ಪೆಲೆಟ್ ಅಲುಗಾಡುವುದೇ ಇಲ್ಲ. ಪಿಸ್ಟನ್ ಕೊನೆಯ ಕೆಲವು ಮಿಲಿಮೀಟರಿಗೆ ಬಂದಾಗ ಒತ್ತಡ ಒಮ್ಮೆಲೇ ಮೇಲೇರುತ್ತದೆ, ಗಾಳಿ ನೂರಾರು ಡಿಗ್ರಿ ಬಿಸಿಯಾಗುತ್ತದೆ, ಆಗ ಪೆಲೆಟ್ ಹೊರಡುತ್ತದೆ. ಅದೇ ಗಳಿಗೆಯಲ್ಲಿ ಆ ಗಾಳಿ ಪಿಸ್ಟನ್ನನ್ನೂ ಹಿಂದಕ್ಕೆ ತಳ್ಳುತ್ತಿರುತ್ತದೆ. ಸೈಕಲ್ ಪಂಪಿನ ಬಾಯಿಗೆ ಬೆರಳಿಟ್ಟು ಜೋರಾಗಿ ಒತ್ತಿದರೆ ಹಿಡಿ ವಾಪಸ್ ಎಗರುತ್ತದಲ್ಲ, ಹಾಗೆ. ಪಿಸ್ಟನ್ ಕೊನೆ ಮುಟ್ಟುವ ಮೊದಲೇ ನಿಂತು, ಹಿಂದಕ್ಕೆ ಹಾರಿ, ಮತ್ತೆ ಮುಂದೆ ಬಂದು ಕೂರುತ್ತದೆ. ಇದನ್ನು ಬೌನ್ಸ್ ಅನ್ನುತ್ತೇವೆ. ಪ್ರತಿ ಸ್ಪ್ರಿಂಗ್ ರೈಫಲ್‌ನಲ್ಲೂ ಇದು ಸ್ವಲ್ಪ ಇದ್ದೇ ಇರುತ್ತದೆ. ಪಿಸ್ಟನ್ ಹಿಂದೆ ಹಾರಿದಾಗ ಗಾಳಿಗೆ ಜಾಗ ಹೆಚ್ಚುತ್ತದೆ, ಒತ್ತಡ ಇಳಿಯುತ್ತದೆ, ಪೆಲೆಟ್ಟಿಗೆ ಸಿಗಬೇಕಾದ ತಳ್ಳು ಕಡಿಮೆಯಾಗುತ್ತದೆ. ನೀವು ಸ್ಪ್ರಿಂಗ್ ಬಲ ಹೆಚ್ಚಿಸಿದ್ದರಿಂದ ಆಗಿರುವುದು ಬಹುಮಟ್ಟಿಗೆ ಇದೇ. ಗಾಳಿ ಅಷ್ಟೇ, ಸಿಲಿಂಡರಿನಿಂದ ಬ್ಯಾರಲ್‌ಗೆ ಗಾಳಿ ಹೋಗುವ ಪೋರ್ಟಿನ ತೂತು ಅಷ್ಟೇ, ಪೆಲೆಟ್ ಅದೇ. ಪಿಸ್ಟನ್ ಮಾತ್ರ ಇನ್ನೂ ಜೋರಾಗಿ ಬಂದು ಇನ್ನೂ ಜೋರಾಗಿ ವಾಪಸ್ ಎಗರುತ್ತಿದೆ.

ಈಗ ತೂಕದ ವಿಚಾರ. ನಿಮ್ಮ ಸ್ನೇಹಿತರ ಮಾತಿನಲ್ಲಿ ಒಂದು ಪಾಲು ನಿಜ ಇದೆ, ಅದಕ್ಕೇ ಅದು ಅಪಾಯಕಾರಿ. ಭಾರದ ಪಿಸ್ಟನ್ ಬೌನ್ಸ್ ಕಡಿಮೆ ಮಾಡುತ್ತದೆ, ನಿಜ. ಹೇಗೆ ಅಂದರೆ, ಸ್ಪ್ರಿಂಗ್ ಕೊಡುವ ಶಕ್ತಿ ಅಷ್ಟೇ ಇದ್ದರೆ ಪಿಸ್ಟನ್ ಹಗುರವಾಗಿರಲಿ ಭಾರವಾಗಿರಲಿ ಗಾಳಿಗೆ ಸಿಗುವ ಶಕ್ತಿಯಲ್ಲಿ ದೊಡ್ಡ ವ್ಯತ್ಯಾಸ ಇರುವುದಿಲ್ಲ. ವ್ಯತ್ಯಾಸ ಇರುವುದು ಸಮಯದಲ್ಲಿ. ಹಗುರ ಪಿಸ್ಟನ್ ಬೇಗ ಬಂದು ಬೇಗ ವಾಪಸ್ ಹೋಗುತ್ತದೆ. ಅಷ್ಟರಲ್ಲಿ ಪೆಲೆಟ್ ಹೆಚ್ಚು ದೂರ ಸರಿದಿರುವುದಿಲ್ಲ, ಆದ್ದರಿಂದ ಗಾಳಿಯ ಒತ್ತಡ ಪಿಸ್ಟನ್ ಮೇಲೇ ತಿರುಗಿ ಬೀಳುತ್ತದೆ. ಭಾರದ ಪಿಸ್ಟನ್ ನಿಧಾನಕ್ಕೆ ಬಂದು, ಒತ್ತಡದ ತುದಿಯಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತದೆ. ಅಷ್ಟರಲ್ಲಿ ಪೆಲೆಟ್ ಬ್ಯಾರಲ್‌ನಲ್ಲಿ ಮುಂದೆ ಹೋಗಿ ಗಾಳಿಗೆ ಜಾಗ ಮಾಡಿಕೊಟ್ಟಿರುತ್ತದೆ, ಹಾಗಾಗಿ ಎಗರುವುದು ಕಡಿಮೆ.

ಆದರೆ ಮಿತಿ ದಾಟಿದರೆ ಕಥೆ ತಿರುಗುತ್ತದೆ. ಪಿಸ್ಟನ್ ತುಂಬಾ ಭಾರವಾದರೆ ಅಥವಾ ಪೆಲೆಟ್ ತುಂಬಾ ಹಗುರವಾದರೆ, ಪಿಸ್ಟನ್ ಇನ್ನೂ ದಾರಿಯಲ್ಲಿರುವಾಗಲೇ ಪೆಲೆಟ್ ಓಡಿಬಿಡುತ್ತದೆ. ಮೆತ್ತಗೆ ತಡೆಯಬೇಕಾದ ಗಾಳಿ ಸೋರಿಹೋಗಿರುತ್ತದೆ. ಪಿಸ್ಟನ್ ಸಿಲಿಂಡರಿನ ತುದಿಗೆ ಲೋಹಕ್ಕೆ ಲೋಹ ಅನ್ನುವಂತೆ ಬಡಿಯುತ್ತದೆ. ಇದು ಸ್ಲ್ಯಾಮ್. ಪಿಸ್ಟನ್ ಮೂತಿಯಲ್ಲಿ ಗಾಳಿ ಸೋರದಂತೆ ತಡೆಯುವ ಸೀಲ್ ಒಡೆಯುವುದು, ಸ್ಕೋಪ್ ಕೆಡುವುದು, ಪಿಸ್ಟನ್ ರಾಡ್ ಬಿರುಕು ಬಿಡುವುದು ಎಲ್ಲಾ ಇದರಿಂದ. ಪೆಲೆಟ್ ಇಲ್ಲದೆ ಖಾಲಿ ಹೊಡೆಯಬೇಡಿ ಅಂತ ಹೇಳುವುದೂ ಇದೇ ಕಾರಣಕ್ಕೆ.

ನಿಮ್ಮ ಅಂಕಿಗಳಲ್ಲೇ ನೋಡೋಣ. ಸ್ಪ್ರಿಂಗ್ ಕೂಡ ಪಿಸ್ಟನ್ ಜೊತೆ ಓಡುತ್ತದೆ, ಆದ್ದರಿಂದ ಅದರ ತೂಕದ ಮೂರನೇ ಒಂದು ಭಾಗವನ್ನು ಪಿಸ್ಟನ್ನಿಗೆ ಸೇರಿಸಬೇಕು. 240ಕ್ಕೆ 30 ಸೇರಿಸಿ 270 ಗ್ರಾಂ. ಉಜ್ಜುವಿಕೆಯಲ್ಲಿ ಸ್ವಲ್ಪ ಕಳೆದು 34 ಜೂಲ್ ಉಳಿಯಿತು ಅಂದುಕೊಂಡರೆ, ಗಾಳಿಯ ತಡೆಯನ್ನು ಬದಿಗಿಟ್ಟು, ಹಳೆಯ ಸ್ಪ್ರಿಂಗ್‌ನಲ್ಲಿ ಪಿಸ್ಟನ್ ವೇಗ ಸೆಕೆಂಡಿಗೆ 16 ಮೀಟರ್ ಹತ್ತಿರ. ಹೊಸದರಲ್ಲಿ 18. ತೂಕವನ್ನು ವೇಗದಿಂದ ಗುಣಿಸಿದರೆ ಬರುವ ಹೊಡೆತ ಹಳೆಯದರಲ್ಲಿ 4.3, ಹೊಸದರಲ್ಲಿ 4.9, ಹೊಸ ಸ್ಪ್ರಿಂಗಿಗೆ ನಿಮ್ಮ ಸ್ನೇಹಿತರ 60 ಗ್ರಾಮನ್ನೂ ಸೇರಿಸಿದರೆ 5.4. ಮೊದಲಿಗಿಂತ ಕಾಲು ಭಾಗ ಜಾಸ್ತಿ. ಪೆಲೆಟ್ಟಿನದು ಎಷ್ಟು ಗೊತ್ತಾ? ಬರೀ 0.13. ಅಂದರೆ ಸ್ಪ್ರಿಂಗ್ ರೈಫಲ್‌ನ ಒದೆತ ಪೆಲೆಟ್ಟಿನಿಂದ ಬರುವುದಲ್ಲ, ಪೂರ್ತಿ ಪಿಸ್ಟನ್ನಿನದು. ಮತ್ತು ಆ ಒದೆತ ನಡೆಯುವುದು ಪೆಲೆಟ್ ಇನ್ನೂ ಬ್ಯಾರಲ್ ಒಳಗಿರುವಾಗ. ಬಂದೂಕಿನಲ್ಲಿ ಗುಂಡು ಹೋದ ಮೇಲೆ ಭುಜಕ್ಕೆ ಒದೆತ ಪೂರ್ತಿ ತಗಲುತ್ತದೆ. ಇಲ್ಲಿ ಹಾಗಲ್ಲ. ಕೋವಿಯಲ್ಲಿ ಚೆನ್ನಾಗಿ ಹೊಡೆಯುವ ನಮ್ಮ ಕೊಡಗಿನವರು ಏರ್‌ಗನ್ ಹಿಡಿದಾಗ ತಬ್ಬಿಬ್ಬಾಗುವುದು ಇದಕ್ಕೇ. ಭುಜಕ್ಕೆ ಗಟ್ಟಿಯಾಗಿ ಒತ್ತಿ ಹಿಡಿಯುವ ಅಭ್ಯಾಸ ಇಲ್ಲಿ ತಿರುಗಿ ಹೊಡೆಯುತ್ತದೆ.

ನನಗೆ ಬಹಳ ಇಷ್ಟವಾದ ಒಂದು ಲೆಕ್ಕ ಇದೆ, ಅದನ್ನೂ ಹೇಳುತ್ತೇನೆ. ಪಿಸ್ಟನ್ ಮುಂದೆ ಓಡಿದಾಗ ರೈಫಲ್ ಹಿಂದೆ ಸರಿಯಲೇಬೇಕು. ಎಷ್ಟು ಸರಿಯುತ್ತದೆ ಅನ್ನೋದಕ್ಕೂ ಸ್ಪ್ರಿಂಗ್ ಬಲಕ್ಕೂ ಸಂಬಂಧವೇ ಇಲ್ಲ. ಅದು ಓಡುವ ಭಾಗದ ತೂಕ, ಸ್ಟ್ರೋಕ್ ಮತ್ತು ರೈಫಲ್‌ನ ತೂಕ, ಈ ಮೂರರ ಮೇಲೆ ಮಾತ್ರ ನಿಂತಿದೆ. ಇಲ್ಲಿ ನೋಡುವುದು ವೇಗವಲ್ಲ, ಸರಿದ ದೂರ, ಆದ್ದರಿಂದ ಸ್ಪ್ರಿಂಗಿನ ಮೂರನೇ ಒಂದು ಭಾಗದ ಬದಲು ಅರ್ಧ ತೂಕ ಹಿಡಿಯಬೇಕು. ನಿಮ್ಮದರಲ್ಲಿ 285 ಗ್ರಾಂ, 80 ಮಿ.ಮೀ., ರೈಫಲ್ 3300 ಗ್ರಾಂ. ಯಾರೂ ಹಿಡಿಯದೆ ಬಿಟ್ಟರೆ ರೈಫಲ್ 7 ಮಿ.ಮೀ. ಹಿಂದೆ ಬರುತ್ತದೆ. 60 ಗ್ರಾಂ ಸೇರಿಸಿದರೆ 8 ಮಿ.ಮೀ. ದಾಟುತ್ತದೆ. 50 ಗ್ರಾಂ ಕಡಿಮೆ ಮಾಡಿದರೆ 6ಕ್ಕೂ ಕೆಳಗೆ ಇಳಿಯುತ್ತದೆ. ಸ್ಪ್ರಿಂಗ್ ಬಲ ಹೆಚ್ಚಾದರೆ ಅಷ್ಟೇ ದೂರವನ್ನು ಇನ್ನೂ ಬೇಗ, ಇನ್ನೂ ಜಗ್ಗಿ ಸರಿಯುತ್ತದೆ. ಆಮೇಲೆ ಪಿಸ್ಟನ್ ಥಟ್ಟನೆ ನಿಂತಾಗ ಅದೇ ರೈಫಲ್ ಮುಂದಕ್ಕೆ ಎಳೆಯಲ್ಪಡುತ್ತದೆ. ಹಿಂದೆ, ಮುಂದೆ, ಬೌನ್ಸ್ ಇದ್ದರೆ ಮತ್ತೆ ಹಿಂದೆ. ಇಷ್ಟೂ ಟ್ರಿಗರ್ ಎಳೆದ ಮೇಲೆ ಸೆಕೆಂಡಿನ ನೂರನೇ ಒಂದು ಭಾಗದ ಆಸುಪಾಸಿನಲ್ಲಿ ಮುಗಿಯುತ್ತದೆ. ಪ್ರತಿ ಸಲ ಒಂದೇ ಥರ ಆದರೆ ಚಿಂತೆಯಿಲ್ಲ, ಪೆಲೆಟ್ ಒಂದೇ ಕಡೆ ಬೀಳುತ್ತದೆ. ಬೌನ್ಸ್ ಜೋರಾದಾಗ ಅದು ಪ್ರತಿ ಸಲ ಒಂದೊಂದು ಥರ ಆಗುತ್ತದೆ. ನಿಮ್ಮ ಐದು ರೂಪಾಯಿ ನಾಣ್ಯ ಅಂಗೈಯಾಗಿದ್ದು ಹೀಗೆ.

ಹೋಗಲಿ, ಆ 7 ಮೀಟರ್ ವೇಗದಿಂದ ಏನಾದರೂ ಲಾಭ ಆಯಿತಾ? 25 ಮೀಟರಿನಲ್ಲಿ ಪೆಲೆಟ್ ಕೆಳಗಿಳಿಯುವುದರಲ್ಲಿ 3-4 ಮಿ.ಮೀ. ಕಡಿಮೆಯಾಗಿದೆ. ಅಷ್ಟೇ. ಅದನ್ನು ಸೈಟ್‌ನ ಸ್ಕ್ರೂ ತಿರುಗಿಸಿ ಸರಿಮಾಡಬಹುದಿತ್ತು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದ 10 ಮೀಟರ್ ಏರ್ ರೈಫಲ್ ವಿಭಾಗದ ರೈಫಲ್‌ಗಳಲ್ಲಿ ಪೆಲೆಟ್ ವೇಗ 170-180ರ ಆಸುಪಾಸು. ಅವು ಸಿಲಿಂಡರಿನಲ್ಲಿ ಮೊದಲೇ ತುಂಬಿಟ್ಟ ಗಾಳಿಯಿಂದ ಹೊಡೆಯುವ ರೈಫಲ್‌ಗಳು, ಪಿಸ್ಟನ್ನಿನ ಕಾಟ ಇಲ್ಲ, ನಿಜ. ಆದರೆ ಗುರಿಯಾಗಿಟ್ಟ ಕಾಗದಕ್ಕೋ ಮೊಟ್ಟೆಗೋ ತಗುಲಿಸಲು ಎಷ್ಟು ವೇಗ ಸಾಕು ಅನ್ನೋದು ಅದರಿಂದ ಗೊತ್ತಾಗುತ್ತದೆ.

280ರ ಆಸೆಯನ್ನು ಇನ್ನೊಂದು ಕಾರಣಕ್ಕೆ ಬಿಡಬೇಕು. ನಮ್ಮ ದೇಶದಲ್ಲಿ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 20 ಜೂಲ್ ಅಥವಾ .177 ಬೋರು ಮೀರಿದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕು. ನಿಮ್ಮ ಪೆಲೆಟ್ 275 ದಾಟಿದರೆ 20 ಜೂಲ್ ಆಗುತ್ತದೆ. 280 ಅಂದರೆ 20.8. ಮನೆಯಲ್ಲಿ ಸ್ಪ್ರಿಂಗ್ ಬದಲಾಯಿಸಿ ಗೊತ್ತಿಲ್ಲದೆ ಕಾನೂನಿನ ಗೆರೆ ದಾಟಿದ ಹಾಗಾಗುತ್ತದೆ. ಕೊಡವರಿಗೂ ಕೊಡಗಿನ ಜಮ್ಮಾ (ವಂಶಪಾರಂಪರ್ಯ) ಜಮೀನಿನ ಹಿಡುವಳಿದಾರರಿಗೂ ಕೋವಿಗೆ ಇರುವ ವಿನಾಯಿತಿಯೇ ಬೇರೆ, ಅದಕ್ಕೆ ಅದರದೇ ಕಾಗದಪತ್ರ ಇದೆ. ಅದನ್ನು ಇಲ್ಲಿ ಬೆರೆಸಬೇಡಿ. ಹಕ್ಕಿ, ಕೋತಿಗಳ ಮೇಲೆ ಹೊಡೆಯುವ ಯೋಚನೆ ಯಾರಿಗಾದರೂ ಇದ್ದರೆ, 1972ರ ವನ್ಯಜೀವಿ ಕಾಯ್ದೆ ಇದೆ ಅನ್ನೋದು ನೆನಪಿರಲಿ.

ಇದೇ ಥರದ ಮಿತಿ ಇಂಗ್ಲೆಂಡಿನಲ್ಲಿ ಇನ್ನೂ ಬಿಗಿ. ಅಲ್ಲಿ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳುವ ಏರ್ ರೈಫಲ್‌ಗೆ 12 ಅಡಿ-ಪೌಂಡ್, ಅಂದರೆ 16.27 ಜೂಲ್. ಜರ್ಮನಿಯಲ್ಲಿ 7.5 ಜೂಲ್. ಈ ಮಿತಿಗಳಿಂದ ಒಂದು ಒಳ್ಳೆಯದೂ ಆಯಿತು. ಬಲ ಹೆಚ್ಚಿಸುವ ದಾರಿ ಮುಚ್ಚಿದ್ದರಿಂದ ಅಲ್ಲಿನ ಕುಶಲ ಕೆಲಸಗಾರರು ಇರುವ ಬಲವನ್ನೇ ಮೆತ್ತಗೆ ಹೊರಗೆ ತರುವುದು ಹೇಗೆ ಅಂತ ತಲೆ ಕೆಡಿಸಿಕೊಂಡರು. ವೈಹ್ರೌಖ್ ಕಂಪನಿಯ ಎಚ್‌ಡಬ್ಲ್ಯೂ 97, ಏರ್ ಆರ್ಮ್ಸ್‌ನ ಟಿಎಕ್ಸ್ 200 ರೈಫಲ್‌ಗಳನ್ನು ಬಿಚ್ಚಿ ಸ್ಟ್ರೋಕ್ ಕಡಿಮೆ ಮಾಡುವುದು, ಪಿಸ್ಟನ್ ಹಗುರ ಮಾಡುವುದು, ಸ್ಪ್ರಿಂಗ್ ಒಳಗಿನ ಗೈಡ್ ಬಿಗಿ ಮಾಡುವುದು, ಇದೆಲ್ಲ ಅಲ್ಲಿ ಒಂದು ದೊಡ್ಡ ಕಲೆಯಾಗಿ ಬೆಳೆದಿದೆ. ನಾವು ಕಲಿಯಬೇಕಾದದ್ದು ಅದನ್ನು. ನಮ್ಮಲ್ಲಿ ಮಾತ್ರ ಯಾರ ಬಾಯಲ್ಲಿ ಕೇಳಿದರೂ ಇನ್ನೂ ದಪ್ಪ ಸ್ಪ್ರಿಂಗ್ ಬೇಕು ಅನ್ನೋದೇ.

ಸರಿ, ಈಗ ನೀವು ಮಾಡಬೇಕಾದ ಕೆಲಸಕ್ಕೆ ಬರೋಣ.

ಬಿಚ್ಚುವ ಮೊದಲು ಒಂದು ಎಚ್ಚರಿಕೆ. ಹಳೆಯ ಸ್ಪ್ರಿಂಗೇ ಕಾಕ್ ಮಾಡದಿದ್ದಾಗಲೂ 24 ಕಿಲೋ ಭಾರದಷ್ಟು ಒತ್ತುತ್ತಿತ್ತು, ಈಗಿನದು 30 ಕಿಲೋಗೂ ಜಾಸ್ತಿ. ಹಿಂದಿನ ಬೋಲ್ಟ್ ಅಥವಾ ಪಿನ್ ತೆಗೆದ ಕೂಡಲೇ 40 ಮಿ.ಮೀ. ಹಾರಿ ಬರುತ್ತದೆ. ಎದೆಗೆ ಒತ್ತಿ ಹಿಡಿದು ಬಿಚ್ಚುವವರನ್ನು ನಾನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು. ಗಟ್ಟಿ ಹಲಗೆ ಮತ್ತು ಉದ್ದದ ಥ್ರೆಡ್ ರಾಡ್ ಇದ್ದರೆ ಬಡಗಿಯಿಂದ ಮಾಡಿಸಿಕೊಳ್ಳಬಹುದು. ಕಣ್ಣಿಗೆ ಕನ್ನಡಕ ಹಾಕಿ. ಕಾಕ್ ಆಗಿರುವ ರೈಫಲ್‌ನ ಸೀಳಿಗಾಗಲೀ ಬ್ರೀಚಿಗಾಗಲೀ (ಪೆಲೆಟ್ ಹಾಕುವ ಬ್ಯಾರಲ್‌ನ ಹಿಂತುದಿ) ಬೆರಳು ಹಾಕಬೇಡಿ, ಹಾಕಲೇಬೇಕಾದಾಗ ಇನ್ನೊಂದು ಕೈಯಲ್ಲಿ ಬ್ಯಾರಲ್ ಹಿಡಿದಿರಿ. ಟ್ರಿಗರ್‌ನ ಒಳಭಾಗ ಉಜ್ಜಿ ಹಗುರ ಮಾಡುವ ಕೆಲಸಕ್ಕೆ ಕೈ ಹಾಕಲೇಬೇಡಿ.

ಹೊಸ ಸ್ಪ್ರಿಂಗ್ ತೆಗೆದು ಪಿಸ್ಟನ್ ಮಾತ್ರ ಸಿಲಿಂಡರಿನಲ್ಲಿಟ್ಟು ಸೀಲ್ ಪರೀಕ್ಷೆ ಮಾಡಿ. ಪೋರ್ಟನ್ನು ಬೆರಳಿನಿಂದ ಮುಚ್ಚಿ ಪಿಸ್ಟನ್ನನ್ನು ಕೈಯಿಂದಲೇ ತಳ್ಳಿ. ಗಾಳಿ ಎದುರು ನಿಂತು ಪಿಸ್ಟನ್ನನ್ನು ವಾಪಸ್ ತಳ್ಳಬೇಕು. ಸುಸ್ ಅಂತ ಸೋರಿ ತುದಿಗೆ ಹೋಗಿ ಕೂತರೆ ಸೀಲ್ ಹೋಗಿದೆ. ಬೆರಳು ತೆಗೆದಾಗ ಸ್ವಲ್ಪವೇ ಒತ್ತಿದರೆ ಸರಾಗವಾಗಿ ಓಡಬೇಕು. ಗುದ್ದಿ ತಳ್ಳಬೇಕಾದರೆ ಸೀಲ್ ತುಂಬಾ ಬಿಗಿ, ಅದೂ ಶಕ್ತಿ ತಿನ್ನುತ್ತದೆ. ಬ್ಯಾರಲ್ ಮಡಚುವ ಜಾಗದ ಬ್ರೀಚ್ ಸೀಲ್ ನೋಡಲು ರೈಫಲ್ ಜೋಡಿಸಿದ ಮೇಲೆ ಆ ಸಂದಿಯ ಮೇಲೆ ಒಂದು ಚೂರು ಟಿಶ್ಯೂ ಪೇಪರ್ ಇಟ್ಟು ಹೊಡೆಯಿರಿ. ಕಾಗದ ಹಾರಿದರೆ ಗಾಳಿ ಸೋರುತ್ತಿದೆ. ಬಲ ಕಡಿಮೆಯಾಯಿತು ಅಂತ ಬರುವವರಲ್ಲಿ ಬಹಳ ಜನರ ತೊಂದರೆ ಸ್ಪ್ರಿಂಗ್ ಅಲ್ಲ, ಈ ಎರಡು ಸೀಲ್‌ಗಳು. ದಪ್ಪ ಸ್ಪ್ರಿಂಗ್ ಹಾಕುವುದು ಸೋರುವ ಕೊಡಕ್ಕೆ ಇನ್ನೂ ನೀರು ಹೊಯ್ದ ಹಾಗೇ ಅಲ್ವಾ.

ಹಳೆಯ 3 ಮಿ.ಮೀ. ಸ್ಪ್ರಿಂಗ್ ಇಟ್ಟುಕೊಂಡಿದ್ದೀರಿ ಅಂದುಕೊಳ್ಳುತ್ತೇನೆ. ಸಮತಟ್ಟಾದ ಗಾಜಿನ ಮೇಲೆ ಉರುಳಿಸಿ ನೋಡಿ. ಬಾಗಿದ್ದರೆ, ಅಥವಾ ಮೊದಲಿಗಿಂತ ಬಹಳ ಗಿಡ್ಡವಾಗಿದ್ದರೆ ಅದೇ ಅಳತೆಯ ಹೊಸದು ತನ್ನಿ. ಹೊಸ ಸ್ಪ್ರಿಂಗ್ ಮೊದಲ ಕೆಲವು ನೂರು ಹೊಡೆತಗಳಲ್ಲಿ ಸ್ವಲ್ಪ ಗಿಡ್ಡವಾಗಿ ಆಮೇಲೆ ನಿಲ್ಲುತ್ತದೆ, ಅದಕ್ಕೆ ಗಾಬರಿ ಬೇಡ. 3.2ರ ಸ್ಪ್ರಿಂಗನ್ನೇ ಸುತ್ತು ಕತ್ತರಿಸಿ ಬಳಸೋಣ ಅನ್ನಿಸಬಹುದು. ಕತ್ತರಿಸಿದರೆ ಪ್ರೀಲೋಡ್ ಇಳಿಯುತ್ತದೆ, ಆದರೆ ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಇನ್ನೂ ಗಡುಸಾಗುತ್ತದೆ. ಕತ್ತರಿಸಿದ ತುದಿಯನ್ನು ಕಾಯಿಸಿ ಮಡಿಸಿ ಚಪ್ಪಟೆಯಾಗಿ ಉಜ್ಜದಿದ್ದರೆ ಸ್ಪ್ರಿಂಗ್ ಓರೆಯಾಗಿ ಒತ್ತುತ್ತದೆ. ನನ್ನ ಕೇಳಿದರೆ ಬೇಡ.

ಇನ್ನೊಂದು ಲೆಕ್ಕ ಮರೆಯಬೇಡಿ. 30 ಸುತ್ತಿನ 3 ಮಿ.ಮೀ. ಸ್ಪ್ರಿಂಗ್ ಪೂರ್ತಿ ಅದುಮಿದರೆ 90 ಮಿ.ಮೀ. 3.2 ಮಿ.ಮೀ. ಆದರೆ 96. ಕಾಕ್ ಆದಾಗ ಸ್ಪ್ರಿಂಗಿಗೆ ಸಿಗುವ ಜಾಗ ಅದಕ್ಕಿಂತ ಕೆಲವು ಮಿ.ಮೀ. ಹೆಚ್ಚೇ ಇರಬೇಕು. ಸುತ್ತಿಗೆ ಸುತ್ತು ತಾಗಿ ಗಟ್ಟಿ ಕಂಬವಾದರೆ ಕಾಕ್ ಆಗುವುದಿಲ್ಲ, ಬಲವಂತ ಮಾಡಿದರೆ ಕಾಕಿಂಗ್ ಲಿವರ್ ಬಾಗುತ್ತದೆ. ಸ್ಪ್ರಿಂಗಿನ ತುದಿಗೆ ಸ್ಪೇಸರ್ ಅನ್ನುವ ಬಿಲ್ಲೆ ಹಾಕಿ ಪ್ರೀಲೋಡ್ ಹೆಚ್ಚಿಸುವವರು ಇದನ್ನು ಮೊದಲು ಅಳೆಯಬೇಕು.

ಜೋಡಿಸುವಾಗ ಗೈಡ್ ಕಡೆ ಗಮನ ಕೊಡಿ. ಸ್ಪ್ರಿಂಗ್ ಒಳಗೆ ಕೂರುವ ಆ ಕೊಳವೆ ಸಡಿಲವಾಗಿದ್ದರೆ ಹೊಡೆದಾಗ ಟ್ವಾಂಯ್ ಅಂತ ಸದ್ದು ಬರುತ್ತದೆ, ಕೆನ್ನೆಗೆ ನಡುಕ ತಿಳಿಯುತ್ತದೆ. ಲೇತ್ ಇರುವವರ ಹತ್ತಿರ ಡೆಲ್ರಿನ್ (ಗಟ್ಟಿ ಪ್ಲಾಸ್ಟಿಕ್) ಅಥವಾ ನೈಲಾನ್ ರಾಡಿನಿಂದ ಗೈಡ್ ಮಾಡಿಸಿ. ಸ್ಪ್ರಿಂಗ್ ಅದರ ಮೇಲೆ ಕೈಯಿಂದ ತಿರುಗಿಸುತ್ತಾ ಏರಿಸುವಷ್ಟು ಬಿಗಿ ಇರಬೇಕು. ಇದೊಂದೇ ಕೆಲಸ ರೈಫಲ್‌ನ ಸ್ವಭಾವವನ್ನೇ ಬದಲಾಯಿಸುತ್ತದೆ. ಖರ್ಚೂ ಕಡಿಮೆ. ಪಿಸ್ಟನ್ನಿನ ಹೊರಮೈಗೆ ಮಾಲಿಬ್ಡಿನಂ ಪೇಸ್ಟ್ ತೆಳ್ಳಗೆ, ಸ್ಪ್ರಿಂಗ್ ಮೇಲೆ ದಪ್ಪ ಗ್ರೀಸ್ ಸ್ವಲ್ಪವೇ ಸ್ವಲ್ಪ. ಗ್ರೀಸ್ ಜಾಸ್ತಿಯಾದರೆ ಮಡಿಕೇರಿ ಕಡೆಯ ಡಿಸೆಂಬರ್ ಬೆಳಿಗ್ಗೆ ಒಂದು ವೇಗ, ಮಧ್ಯಾಹ್ನ ಇನ್ನೊಂದು ವೇಗ ಬರುತ್ತದೆ.

ಪೋರ್ಟ್ ಒಳಗೆ ಎಣ್ಣೆ ಬಿಡುವ ಚಾಳಿ ಇದ್ದರೆ ಇವತ್ತೇ ನಿಲ್ಲಿಸಿ. ಗಾಳಿ ಒತ್ತಿದಾಗ ಆಗುವ ಬಿಸಿಗೆ ಎಣ್ಣೆ ಹೊತ್ತಿಕೊಳ್ಳುತ್ತದೆ, ಡೀಸೆಲ್ ಎಂಜಿನ್ ನಡೆಯುವುದು ಅದೇ ತತ್ವದಲ್ಲಿ. ಢಮ್ ಅಂತ ಸದ್ದು, ಹೊಗೆ, ವೇಗವೂ ಜಾಸ್ತಿ ಬರುತ್ತದೆ, ಜನ ಖುಷಿಪಡುತ್ತಾರೆ. ಆದರೆ ಆ ಸ್ಫೋಟ ಪಿಸ್ಟನ್ನನ್ನು ಹಿಂದಕ್ಕೆ ಒದ್ದು ಸ್ಪ್ರಿಂಗ್ ಮುರಿಯುತ್ತದೆ. ಸಣ್ಣ ಪ್ರಮಾಣದಲ್ಲಿ ಎಣ್ಣೆ ಉರಿಯುವುದು ಮಾಮೂಲಿ ಸ್ಪ್ರಿಂಗ್ ರೈಫಲ್‌ನಲ್ಲೂ ಇದೆ. ಏರ್‌ಗನ್‌ಗಳನ್ನು ಪರೀಕ್ಷಿಸಿ ಪುಸ್ತಕ ಬರೆದ ಬ್ರಿಟನ್ನಿನ ಕಾರ್ಡ್ಯೂ ತಂದೆ-ಮಗ ಆಮ್ಲಜನಕ ಇಲ್ಲದ ಸಾರಜನಕದಲ್ಲಿ ರೈಫಲ್ ಹೊಡೆದು ನೋಡಿದಾಗ ವೇಗ ಬಹಳ ಇಳಿದುಹೋಯಿತು. ಅಂದರೆ ಸೀಲ್ ಸುತ್ತಲಿನ ಜಿಡ್ಡಿನ ಅಂಶವೂ ಬಲದಲ್ಲಿ ಪಾಲು ಪಡೆಯುತ್ತದೆ. ಬಿಚ್ಚಿ ಜೋಡಿಸಿದ ಮೇಲೆ ಮೊದಲ ಕೆಲವು ಹತ್ತು ಹೊಡೆತಗಳ ವೇಗವನ್ನು ನಂಬಬಾರದು ಅನ್ನೋದು ಇದಕ್ಕೇ. ಹೆಚ್ಚಿನ ಜಿಡ್ಡು ಉರಿದು ಮುಗಿಯಲಿ, ಆಮೇಲೆ ಅಳೆಯಿರಿ.

ಇಷ್ಟು ಮಾಡಿದರೆ ನಿಮ್ಮ ರೈಫಲ್ 230-235ರ ಹತ್ತಿರ ಬಂದು ನಿಲ್ಲುತ್ತದೆ. ಆಗ ಪೆಲೆಟ್ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ಹತ್ತು ಹೊಡೆತ ಅಳೆಯಿರಿ. ಅತಿ ಹೆಚ್ಚು ಮತ್ತು ಅತಿ ಕಡಿಮೆ ವೇಗದ ನಡುವೆ 5 ಮೀಟರಿಗಿಂತ ಕಡಿಮೆ ಅಂತರ ಇದ್ದರೆ ಚೆನ್ನಾಗಿದೆ. ಹತ್ತು ದಾಟಿದರೆ ಒಳಗೆ ಇನ್ನೂ ಏನೋ ಸರಿಯಿಲ್ಲ.

ಪಿಸ್ಟನ್ ತೂಕ ಮುಟ್ಟಬೇಕೋ ಬೇಡವೋ ಅನ್ನೋದು ತೀರ್ಮಾನವಾಗುವುದು ಈಗ. ಅದಕ್ಕೆ ಮೂರು ತೂಕದ ಪೆಲೆಟ್ ತನ್ನಿ, 0.45, 0.53, 0.65 ಗ್ರಾಂ ಆಸುಪಾಸಿನವು. ಮೂರರಲ್ಲೂ ವೇಗ ಅಳೆದು ಜೂಲ್ ಲೆಕ್ಕ ಹಾಕಿ. ಪೆಲೆಟ್ ಭಾರವಾದಂತೆ ಜೂಲ್ ಚೆನ್ನಾಗಿ ಬಿದ್ದುಹೋದರೆ, ಹೊಡೆದಾಗ ಎರಡು ಸಲ ಜಗ್ಗಿದ ಹಾಗೆ ಅನ್ನಿಸಿದರೆ, ಬೌನ್ಸ್ ಜಾಸ್ತಿ ಇದೆ. ಸಾಮಾನ್ಯವಾಗಿ ಅದರರ್ಥ ಪಿಸ್ಟನ್ ಈ ಸ್ಪ್ರಿಂಗಿಗೆ ಹಗುರ, ಅಥವಾ ಸ್ಪ್ರಿಂಗ್ ಈ ಪಿಸ್ಟನ್ನಿಗೆ ಜಾಸ್ತಿ. ಹಗುರ ಪೆಲೆಟ್‌ನಲ್ಲಿ ಠಣ್ ಅನ್ನುವ ಗಡುಸು ಬಡಿತ ಇದ್ದು, ಭಾರದ ಪೆಲೆಟ್‌ನಲ್ಲಿ ಜೂಲ್ ಏರಿ ಹೊಡೆತ ಮೆತ್ತಗಾದರೆ ಪಿಸ್ಟನ್ ಭಾರವೇ ಹೆಚ್ಚು. ಮೂರರಲ್ಲೂ ಜೂಲ್ ಹೆಚ್ಚು ಕಡಿಮೆ ಒಂದೇ ಇದ್ದರೆ ಕೈ ಕಟ್ಟಿ ಕೂತುಬಿಡಿ. ರೈಫಲ್ ಸರಿಯಾಗಿದೆ.

ಬೌನ್ಸ್ ಇದ್ದರೆ ನಾನು ಮೊದಲು ಮಾಡುವುದು ತೂಕ ಹಾಕುವುದಲ್ಲ, ಪ್ರೀಲೋಡ್ ಇಳಿಸುವುದು. ಒಳಗೆ 6 ಮಿ.ಮೀ. ಸ್ಪೇಸರ್ ಇದ್ದರೆ ತೆಗೆದುಬಿಡಿ. 38 ಜೂಲ್ ಇದ್ದದ್ದು 35.5 ಆಗುತ್ತದೆ. ಬಾಯಿಯಲ್ಲಿ ಕಳೆದುಕೊಳ್ಳುವುದು ಅದಕ್ಕಿಂತ ಬಹಳ ಕಡಿಮೆ, ಕೆಲವು ಸಲ ಏನೂ ಕಳೆಯುವುದಿಲ್ಲ. ಹಾಗೆ ಇಳಿಸಿದ ಮೇಲೂ ಎರಡು ಜಗ್ಗು ಉಳಿದರೆ ಆಗ ತೂಕದ ಸರದಿ. ಪಿಸ್ಟನ್ನಿಗೂ ಸ್ಪ್ರಿಂಗಿಗೂ ನಡುವೆ ಕೂರುವ ಟಾಪ್‌ಹ್ಯಾಟನ್ನು ಪ್ಲಾಸ್ಟಿಕ್ ಬದಲು ಸ್ಟೀಲಿನಲ್ಲಿ ಮಾಡಿಸಿ, 15-20 ಗ್ರಾಂ ಹೆಚ್ಚಿಸಿ. ಒಂದೇ ಸಲ 60 ಗ್ರಾಂ ಬೇಡ. ಪ್ರತಿ ಬದಲಾವಣೆಯ ನಂತರ ಮತ್ತೆ ಮೂರು ಪೆಲೆಟ್, ಮತ್ತೆ ಹತ್ತು ಹೊಡೆತ. ತೂಕ ಹೆಚ್ಚಿಸಿದಾಗ ಸ್ಪ್ರಿಂಗ್ ಒಂದು ಹೆಜ್ಜೆ ಇಳಿಸಿಯೇ ಪ್ರಯತ್ನಿಸಿ, ಎರಡನ್ನೂ ಒಟ್ಟಿಗೆ ಏರಿಸಬೇಡಿ. ಪಿಸ್ಟನ್ ಭಾರ ಹೆಚ್ಚು ಅಂತ ಗೊತ್ತಾದರೆ ದಾರಿ ಸುಲಭ, ಸ್ಟೀಲ್ ಟಾಪ್‌ಹ್ಯಾಟ್ ತೆಗೆದು ಡೆಲ್ರಿನ್‌ನದು ಹಾಕಿ. ಪಿಸ್ಟನ್ನನ್ನೇ ಕೊರೆದು ಹಗುರ ಮಾಡುವುದು ಬೇಡ. ಟ್ರಿಗರ್ ಹಿಡಿಯುವ ಕಚ್ಚು ಅದರಲ್ಲೇ ಇರುತ್ತದೆ, ಅದು ಸೋತರೆ ರೈಫಲ್ ತಾನಾಗಿ ಹಾರುತ್ತದೆ.

ಇದಕ್ಕೆಲ್ಲ ಮೊದಲು ಸ್ಪರ್ಧೆಗೆ ಯಾವ ಪೆಲೆಟ್ ಅಂತ ನಿರ್ಧರಿಸಿಬಿಡಿ. ಆ ಪೆಲೆಟ್ಟಿಗೇ ರೈಫಲ್ ಹೊಂದಿಸಬೇಕು. ಆಮೇಲೆ ಪೆಲೆಟ್ ಬದಲಾಯಿಸಿದರೆ ಬೌನ್ಸ್ ಲೆಕ್ಕ ಎಲ್ಲಾ ಬದಲಾಗುತ್ತದೆ.

ಹಿಡಿಯುವ ರೀತಿಯನ್ನೂ ತಿದ್ದಿಕೊಳ್ಳಿ. ಎಡ ಅಂಗೈ ತೆರೆದು ಅದರ ಮೇಲೆ ರೈಫಲ್ ಸುಮ್ನೆ ಮಲಗಿಸಿ, ಬೆರಳು ಬಿಗಿಯಬೇಡಿ. ಭುಜಕ್ಕೆ ತಾಗಿದರೆ ಸಾಕು. ಆ 7 ಮಿ.ಮೀ. ಅದು ಪ್ರತಿ ಸಲ ಒಂದೇ ಥರ ಸರಿಯಲಿ. ಅಂಗೈ ಇಡುವ ಜಾಗಕ್ಕೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿಕೊಳ್ಳಿ. ಸ್ಟಾಕಿನ ಸ್ಕ್ರೂಗಳನ್ನು ಪ್ರತಿ ಅಭ್ಯಾಸಕ್ಕೂ ಮೊದಲು ನೋಡಿ, ದಪ್ಪ ಸ್ಪ್ರಿಂಗ್ ಅವನ್ನು ಖಂಡಿತ ಸಡಿಲ ಮಾಡಿರುತ್ತದೆ. ಬ್ಯಾರಲ್ ಮಡಚುವ ಜಾಗದ ಪಿವೋಟ್ ಬೋಲ್ಟ್ ಕೂಡ. ಕಾಕ್ ಮಾಡಿ ಬ್ಯಾರಲ್ ಅರ್ಧಕ್ಕೆ ಬಿಟ್ಟರೆ ಅದು ತನ್ನ ಭಾರಕ್ಕೇ ಕುಸಿಯಬಾರದು, ಬಿಟ್ಟಲ್ಲೇ ನಿಲ್ಲಬೇಕು. ಇದನ್ನು ಪರೀಕ್ಷಿಸುವಾಗ ಇನ್ನೊಂದು ಕೈ ಬ್ಯಾರಲ್‌ಗೆ ಸಿಗುವಷ್ಟು ಹತ್ತಿರವೇ ಇರಲಿ.

ಕೈಲ್‌ಪೋಳ್ದ್‌ಗೆ ಇನ್ನೂ ಸಮಯ ಇದ್ದರೆ ಹಳೆಯ ಸ್ಪ್ರಿಂಗ್ ಹಾಕಿದ ಮೇಲೆ ಮೂರು ಪೆಲೆಟ್‌ಗಳ ವೇಗ, ಹತ್ತು ಹೊಡೆತದ ಅಂತರ, 25 ಮೀಟರಿನ ಗುಂಪಿನ ಅಗಲ, ಇವನ್ನು ಬರೆದು ಕಳಿಸಿ. ಟಾಪ್‌ಹ್ಯಾಟ್ ಎಷ್ಟು ಗ್ರಾಂ ಇರಬೇಕು ಅಂತ ಆಗ ನಿಖರವಾಗಿ ಹೇಳುತ್ತೇನೆ.